ಗ್ಯಾಲರಿ ತುಂಬುವ ಬಗೆ: ಪೂರ್ವ ಬೆಂಗಳೂರಿನ ಲೀಗ್ ಫುಟ್‌ಬಾಲ್ ಮತ್ತು ಅದರ ಪ್ರೇಕ್ಷಕ

2012ರಲ್ಲಿ ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಹೊರಬಿದ್ದಾಗ ಬೆಂಗಳೂರಿನಲ್ಲಿ ಹೆಚ್ಚು ಜನ ಮರುಗಲಿಲ್ಲ. ಮರುವರ್ಷವೇ, 2013ರ ಸೆಪ್ಟೆಂಬರ್ 22ರಂದು, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ಲೀಗ್ ಪಂದ್ಯವನ್ನು ಮೋಹನ್ ಬಾಗಾನ್ ವಿರುದ್ಧ ಆಡಿ 1-1ರಲ್ಲಿ ಸಮ ಮಾಡಿಕೊಂಡಿತು. ಆ ಋತುವಿನಲ್ಲೇ ಪ್ರಶಸ್ತಿಯನ್ನೂ ಗೆದ್ದಿತು. ಊರು ಅದೇ, ಆಟವೂ ಅದೇ. ಆದರೂ ಗ್ಯಾಲರಿಯ ಚಹರೆ ಬದಲಾಯಿತು. ಗೆಲುವೊಂದೇ ಇದಕ್ಕೆ ಕಾರಣ ಎನ್ನಲಾಗದು.

ಈ ಬದಲಾವಣೆಯ ಬೇರು ಹುಡುಕಲು ರಾಮಮೂರ್ತಿ ನಗರ ತಕ್ಕ ಜಾಗ. ಇದರ ಮಗ್ಗುಲಲ್ಲೇ ದೂರವಾಣಿನಗರ. 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆಯ ಊರು. ಐಟಿಐ, ಎಚ್‌ಎಎಲ್, ಸೇನೆಯ ಎಂಇಜಿ ಮುಂತಾದ ಸಂಸ್ಥೆಗಳ ತಂಡಗಳೇ ದಶಕಗಳ ಕಾಲ ನಗರದ ಲೀಗನ್ನು ಹೊತ್ತು ನಿಂತವು. ಆಟಗಾರನಿಗೆ ಕಾರ್ಖಾನೆ ಕೆಲಸ ಕೊಡುತ್ತಿತ್ತು, ಪಕ್ಕದ ಯಂತ್ರದ ಬಳಿ ನಿಂತವನೇ ಅವನ ಅಭಿಮಾನಿಯಾಗುತ್ತಿದ್ದ. ಕಾರ್ಖಾನೆಯಲ್ಲಿ ನೇಮಕಾತಿ ಕುಗ್ಗಿದಂತೆ ಈ ನಂಟೂ ಸಡಿಲವಾಯಿತು. ಸುತ್ತಲಿನ ಬಡಾವಣೆಗಳಿಗೆ ಹೊಸದಾಗಿ ಬಂದವರಿಗೆ ಐಟಿಐ ಎಂಬುದು ಬರೀ ಬಸ್ ನಿಲ್ದಾಣದ ಹೆಸರಾಗಿ ಉಳಿಯಿತು.

ದಂಡಿನ ಪ್ರದೇಶದ ಕೇರಿಗಳ ಕಥೆ ಇನ್ನೂ ಹಳೆಯದು, ಇನ್ನೂ ಸೊಗಸಾದುದು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದು, ಮರುವರ್ಷ ಅದನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಹಲಸೂರಿನ ಗೌತಮಪುರದಲ್ಲಿ ಅಂಬೇಡ್ಕರ್ ಮತ್ತು ಬುದ್ಧರ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಇಂಥ ಕೇರಿಯಲ್ಲಿ ಫುಟ್‌ಬಾಲ್ ಪ್ರೀತಿಯನ್ನು ಹೊಸದಾಗಿ ಬಿತ್ತಬೇಕಾಗಿಲ್ಲ. ಕೊರತೆ ಇರುವುದು ಆ ಪ್ರೀತಿಯನ್ನು ಮೈದಾನಕ್ಕೆ ಕರೆತರುವ ವ್ಯವಸ್ಥೆಯಲ್ಲಿ.

ಬೆಂಗಳೂರು ಎಫ್‌ಸಿ ಗೆದ್ದದ್ದು ಇಲ್ಲಿಯೇ. ಅದು ಸಂಸ್ಥೆಯ ಹೆಸರನ್ನು ಬಿಟ್ಟು ನಗರದ ಹೆಸರನ್ನು ತೊಟ್ಟಿತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿ ಬಳಗದ ಕೂಗು, ಹಾಡು, ಬ್ಯಾನರುಗಳು ಪಂದ್ಯದ ಭಾಗವೇ ಆದವು. ಪಂದ್ಯ ಮುಗಿದ ಮೇಲೆ ಆಟಗಾರರು ಅವರೆದುರು ನಿಂತು ಜೊತೆಗೆ ಚಪ್ಪಾಳೆ ತಟ್ಟುವ ರೂಢಿ ಬೆಳೆಯಿತು. 2016ರ ಅಕ್ಟೋಬರಿನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ರಾತ್ರಿ, ಈ ನಂಟಿನ ಬಲ ಇಡೀ ಕ್ರೀಡಾಂಗಣಕ್ಕೆ ಕೇಳಿಸಿತು.

ಊರಿನ ನಂಟೇ ಗ್ಯಾಲರಿ ತುಂಬುತ್ತದೆ ಎಂಬ ಮಾತಿಗೆ ಆಸ್ಟ್ರೇಲಿಯಾದ ರಗ್ಬಿ ಇನ್ನೊಂದು ಕಡೆಯಿಂದ ಸಾಕ್ಷಿ ಹೇಳುತ್ತದೆ. ಅಲ್ಲಿ 2014ರಲ್ಲಿ ಶುರುವಾದ ನ್ಯಾಷನಲ್ ರಗ್ಬಿ ಚಾಂಪಿಯನ್‌ಷಿಪ್ ಆಟಕ್ಕೆ ವೇಗ ತರಲು ಅಂಕಗಳ ನಿಯಮವನ್ನೇ ಬದಲಿಸಿತು: ಕನ್ವರ್ಷನ್‌ಗೆ 3, ಪೆನಾಲ್ಟಿಗೆ 2. ಆದರೆ ತಂಡಗಳಲ್ಲಿ ಹಲವು ಹೊಸದಾಗಿ ಕಟ್ಟಿದಂಥವು. 2019ರ ನಂತರ ಪಂದ್ಯಾವಳಿ ನಿಂತುಹೋಯಿತು. ಸಿಡ್ನಿಯ ಹಳೆಯ ಬಡಾವಣೆ ಕ್ಲಬ್‌ಗಳ ಶೂಟ್ ಶೀಲ್ಡ್ ಮಾತ್ರ ಉಳಿದಿದೆ. ನಿಯಮ ತಿದ್ದಿ ಆಟವನ್ನು ರಂಜಕ ಮಾಡಬಹುದು, ‘ನಮ್ಮ ತಂಡ’ ಎಂಬ ಭಾವವನ್ನು ಹಾಗೆ ತರಲಾಗದು.

ಕರ್ನಾಟಕ 54 ವರ್ಷಗಳ ನಂತರ, 2023ರ ಮಾರ್ಚ್ 4ರಂದು, ಮೇಘಾಲಯವನ್ನು 3-2ರಿಂದ ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದದ್ದು ರಿಯಾದ್‌ನಲ್ಲಿ. ಗೌತಮಪುರದ ಹುಡುಗರು ಅಷ್ಟು ದೊಡ್ಡ ಗೆಲುವನ್ನು ಪರದೆಯ ಮೇಲೆ ನೋಡಬೇಕಾಯಿತು. ಈ ದೂರವನ್ನು ರಾಜ್ಯ ಲೀಗ್ ತುಂಬಿಕೊಡಬೇಕು. 2023ರ ಅಕ್ಟೋಬರಿನಲ್ಲಿ ನೇರಳೆ ಮೆಟ್ರೊ ಮಾರ್ಗದ ಬೈಯಪ್ಪನಹಳ್ಳಿ–ಕೆ.ಆರ್. ಪುರ ಕೊಂಡಿ ಕೂಡಿಕೊಂಡಿತು. ರಾಮಮೂರ್ತಿ ನಗರದವರು ಬೆನ್ನಿಗಾನಹಳ್ಳಿಯಲ್ಲಿ ಹತ್ತಿದರೆ ಅಶೋಕನಗರದ ಕ್ರೀಡಾಂಗಣಕ್ಕೆ ಹತ್ತಿರದ ಎಂ.ಜಿ. ರಸ್ತೆಯವರೆಗೆ ರೈಲು ಬದಲಿಸಬೇಕಿಲ್ಲ. ದುಡಿಯುವವರು ಬರಬೇಕೆಂದರೆ ಪಂದ್ಯಗಳು ಮಧ್ಯಾಹ್ನದ ಬಿಸಿಲಿನಿಂದ ಸಂಜೆಯ ದೀಪದ ಬೆಳಕಿಗೆ ಸರಿಯಬೇಕು. ವೇಳಾಪಟ್ಟಿ ಕನ್ನಡ, ತಮಿಳು, ಉರ್ದುಗಳಲ್ಲಿ ಕೇರಿಯ ಗೋಡೆಗೂ ಮೊಬೈಲಿಗೂ ಮುಂಚಿತವಾಗಿ ತಲುಪಬೇಕು. ಪ್ರತಿ ಕ್ಲಬ್ಬೂ ಒಂದೊಂದು ಬಡಾವಣೆಯ ಹೆಸರು ಹೊತ್ತು, ಅಲ್ಲಿಯ ಶಾಲಾ ಮಕ್ಕಳನ್ನು ದೊಡ್ಡವರ ಪಂದ್ಯಕ್ಕೆ ಮುಂಚೆ ಅದೇ ಮೈದಾನದಲ್ಲಿ ಆಡಿಸಲಿ. ಮಕ್ಕಳ ಆಟ ನೋಡಲು ಬಂದ ಅಪ್ಪ ಅಮ್ಮಂದಿರು ಮುಂದಿನ ಪಂದ್ಯಕ್ಕೂ ಕೂರುತ್ತಾರೆ.