ನಮ್ಮ ಸಂಘದ ಜೀಪು: ಹಿಂದಿನ ಕತೆ, ಮುಂದಿನ ಜವಾಬ್ದಾರಿ



ಬೆಳ್ಳಿ ಹಬ್ಬದ ಈ ಸಂಚಿಕೆಗೆ ಸಂಘದ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಶೇರು ಬಂಡವಾಳ, ಠೇವಣಿ, ಸಾಲದ ಲೆಕ್ಕವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬಂದಿದೆ. ಅದನ್ನೇ ಮತ್ತೆ ಬರೆಯುವುದಕ್ಕಿಂತ ಸಂಘದ ಶೆಡ್ಡಿನಲ್ಲಿ ನಿಂತಿರುವ ಹಳೇ ಜೀಪಿನ ಬಗ್ಗೆ ಬರೆಯೋಣ ಅಂತ ನಾವು ತೀರ್ಮಾನಿಸಿದೆವು. ಓದಿದ್ದು ಎಸ್ಸೆಸ್ಸೆಲ್ಸಿ, ಕಸುಬು ಬೇಸಾಯ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸಹಕಾರ ಎಂದ ಕೂಡಲೇ ಗದಗ ಹತ್ತಿರದ ಕಣಗಿನಹಾಳದ ಹೆಸರು ಹೇಳಲೇಬೇಕು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಪತ್ತಿನ ಸಂಘ ಕಟ್ಟಿದರು. ಆಗ ಗೊಬ್ಬರವಾಗಲಿ ಭತ್ತವಾಗಲಿ ಹೊರುತ್ತಿದ್ದುದು ಎತ್ತಿನ ಗಾಡಿ. ನಮ್ಮ ಕಡೆ ಗಾಡಿಗಿಂತ ದೋಣಿಯೇ ಹೆಚ್ಚು. ಕೋಡಿಬಾಗದ ಒಂದು ಮಗ್ಗುಲಿಗೆ ಕಾಳಿ ನದಿ, ಇನ್ನೊಂದು ಮಗ್ಗುಲಿಗೆ ಸಮುದ್ರ. ಆಚೆ ದಡದ ಸದಾಶಿವಗಡಕ್ಕೆ ಹೋಗಬೇಕಾದರೆ ತಾರಿಯೇ ಗತಿ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಏರಿದರೆ ಆಚೆಯವರು ಆಚೆಗೆ, ಈಚೆಯವರು ಈಚೆಗೆ ಅಂತ ನಮ್ಮ ತಂದೆಯವರು ಹೇಳುತ್ತಿದ್ದರು.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕೆ ಕೆಸರು, ಮರಳು, ಗುಡ್ಡ ಯಾವುದಕ್ಕೂ ಹೆದರದ ಸಣ್ಣ ಗಾಡಿ ಬೇಕಾಗಿತ್ತು. 1941ರಿಂದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಲಕ್ಷಗಟ್ಟಲೆ ಜೀಪು ಮಾಡಿಕೊಟ್ಟವು. ನಾಲ್ಕು ಸಿಲಿಂಡರಿನ 60 ಅಶ್ವಶಕ್ತಿಯ ಇಂಜಿನ್ನು, ನಾಲ್ಕೂ ಚಕ್ರಕ್ಕೆ ಎಳೆತ. ನಮ್ಮ ದೇಶದಲ್ಲಿ 1945ರಲ್ಲಿ ಶುರುವಾದ ಮಹೀಂದ್ರ ಕಂಪನಿಯವರು, ಸ್ವಾತಂತ್ರ್ಯ ಬಂದ ಆಸುಪಾಸಿನ ವರ್ಷಗಳಲ್ಲಿ, ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಜೀಪು ಹಳ್ಳಿಗೂ ಬಂತು. ಅದಕ್ಕೇ ಹಿರಿಯರ ಬಾಯಲ್ಲಿ ಜೀಪು ಅಂದರೆ ‘ಬಿ.ಡಿ.ಓ. ಗಾಡಿ’.

ನಮ್ಮ ತಾಲೂಕಿನ ಪಕ್ಕದಲ್ಲೇ 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆ ಆಯ್ತು, ಅಂಜದೀವ್ ದ್ವೀಪ ನಮ್ಮ ನೌಕಾಪಡೆಯ ಕೈಗೆ ಬಂತು. ಮುಂದೆ ಕಾಳಿಯ ಅಣೆಕಟ್ಟುಗಳು, ಕೈಗಾ ಸ್ಥಾವರ, 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್, 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು. ಇಷ್ಟೂ ಕೆಲಸಕ್ಕೆ ರಸ್ತೆ ಆಗುವ ಮೊದಲೇ ಹೋಗಿ ನಿಂತದ್ದು ಜೀಪು. ಈ ಕೆಲಸಗಳು ಮುಗಿದ ಮೇಲೆ ಹಳೇ ಜೀಪುಗಳು ಮಾರಾಟಕ್ಕೆ ಸಿಗುತ್ತಿದ್ದವು. ಸಂಘ ಕಣ್ಣು ಬಿಟ್ಟ ಎರಡನೇ ವರ್ಷ ನಾವೂ ಅಂಥದೇ ಒಂದು ಡೀಸೆಲ್ ಜೀಪು ಕೊಂಡೆವು. ಗೊಬ್ಬರ, ಬೀಜ, ಮಿಲ್ಲಿಗೆ ಭತ್ತ, ಅಪರಾತ್ರಿ ಬಾಣಂತಿಯರನ್ನು ಕಾರವಾರದ ಆಸ್ಪತ್ರೆಗೆ, ಇದು ಹೊರದ ಹೊರೆ ಇಲ್ಲ.

ಆದರೆ ಜೀಪು ಕೊಳ್ಳೋದು ಸುಲಭ, ಇಟ್ಟುಕೊಳ್ಳೋದು ಕಷ್ಟ. ಅದರಲ್ಲೂ ನಮ್ಮ ಊರಲ್ಲಿ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ, ಉಳಿದ ದಿನ ಉಪ್ಪು ಗಾಳಿ. ಘಟ್ಟದ ಮೇಲೆ ಇಪ್ಪತ್ತು ವರ್ಷ ಬಾಳುವ ಚಾಸಿ ಇಲ್ಲಿ ಹತ್ತು ವರ್ಷಕ್ಕೇ ಹಪ್ಪಳ. ನಮ್ಮ ಜೀಪು ಇಷ್ಟು ದಿನ ಉಳಿದಿದ್ದರೆ ಅದು ಅಂಕೋಲೆ ಕಡೆಯ ವಯಸ್ಸಾದ ಮಿಸ್ತ್ರಿಯೊಬ್ಬರ ಪುಣ್ಯ. ಅವರು ಹೇಳಿಕೊಟ್ಟಿದ್ದನ್ನು ಜೀಪು, ಟ್ರ್ಯಾಕ್ಟರು, ಪಿಕಪ್ಪು ಇರುವ ಸದಸ್ಯರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಇಂಜಿನ್ ಆಯಿಲ್, ರೇಡಿಯೇಟರ್ ನೀರು, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟು ನೋಡಬೇಕು. ಉಪ್ಪು ನೀರಿಗೋ ಮರಳಿಗೋ ಇಳಿದಿದ್ದರೆ ಅದೇ ದಿನ ಸಿಹಿನೀರಲ್ಲಿ ಅಡಿಭಾಗ ತೊಳೆಯಬೇಕು. ಚಾಸಿಯ ಅಡಿಗಿರುವ ತೂತುಗಳಲ್ಲಿ ಕೆಸರು ಕಟ್ಟಿದರೆ ಕಡ್ಡಿ ಹಾಕಿ ಬಿಡಿಸಬೇಕು, ಇಲ್ಲವಾದರೆ ನೀರು ಒಳಗೇ ನಿಂತು ಕಬ್ಬಿಣ ತಿನ್ನುತ್ತದೆ. ಸ್ಪ್ರಿಂಗ್ ಪ್ಲೇಟಿನ ಕೊಂಡಿ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ ಗ್ರೀಸು ಹೊಡೆಯುವಾಗ ಹಳೇ ಗ್ರೀಸು ಹೊರಗೆ ಬರುವ ತನಕ ಹೊಡೆಯಬೇಕು. ಹಳೆಯದರ ಜೊತೆ ನೀರೂ ಬರುತ್ತದೆ.

ನಾಲ್ಕು ಚಕ್ರದ ಗೇರನ್ನು ಗಟ್ಟಿ ಡಾಂಬರಿನ ಮೇಲೆ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರ ಓಡುವ ದೂರ ಬೇರೆ, ಹಿಂದಿನದು ಬೇರೆ. ಕೆಸರಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಡಾಂಬರಲ್ಲಿ ಆ ಬಿಗಿ ಗೇರಿನ ಹಲ್ಲಿಗೆ ಬೀಳುತ್ತದೆ. ಹಾಗಂತ ವರ್ಷಗಟ್ಟಲೆ ಹಾಕದೇ ಬಿಟ್ಟರೂ ಹಿಡಿದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ಸ್ವಲ್ಪ ದೂರ ಓಡಿಸಬೇಕು.

ಇನ್ನು ನೀರಿನ ವಿಷಯ. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಹೊಳೆ ದಾಟಿದ ಮೇಲೆ ಗೇರ್ ಆಯಿಲ್ ಹಾಲು ಹಾಕಿದ ಚಾದ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ ಅಂತಲೇ ಲೆಕ್ಕ. ಪೂರ್ತಿ ಇಳಿಸಿ ಹೊಸದು ಹಾಕಬೇಕು. ಬ್ರೇಕ್ ಡ್ರಮ್ಮು ಬಿಚ್ಚಿ ತೊಳೆದು, ವೀಲ್ ಸಿಲಿಂಡರು ನೋಡಿ, ಬೇರಿಂಗಿಗೆ ಹೊಸ ಗ್ರೀಸು ತುಂಬಬೇಕು. ಬ್ರೇಕ್ ಆಯಿಲ್ ತಾನಾಗಿಯೇ ಗಾಳಿಯ ತೇವ ಕುಡಿಯುವ ವಸ್ತು. ಅದನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಸಿಲಿಂಡರು ಒಳಗಿಂದಲೇ ತುಕ್ಕು ಹಿಡಿಯುತ್ತದೆ.

ಇದೆಲ್ಲ ನಮಗೆ ಇಷ್ಟು ಚೆನ್ನಾಗಿ ನೆನಪಿರಲು ಕಾರಣ ಉಂಟು. ಬೆಳ್ಳಿ ಹಬ್ಬದ ಪುಸ್ತಕದಲ್ಲಿ ಬರೀ ಹೊಗಳಿಕೆ ಇರಬಾರದು, ತಪ್ಪನ್ನೂ ಬರೆಯಬೇಕು.

2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳಿಗೆ ನೆರೆ ನುಗ್ಗಿದ್ದು ನಿಮಗೆಲ್ಲ ಗೊತ್ತು. ಆಗ ನಮ್ಮ ಜೀಪು ಮೂರು ದಿನ ಸೊಂಟದ ತನಕ ನೀರಿನಲ್ಲಿ ಅಕ್ಕಿ, ಕಂಬಳಿ, ಮುದುಕರು, ಮಕ್ಕಳನ್ನು ಸಾಗಿಸಿತು. ನೆರೆ ಇಳಿದ ಮೇಲೆ ಮಿಸ್ತ್ರಿ ನೋಡಿ ಪಟ್ಟಿ ಬರೆದುಕೊಟ್ಟರು. ಮೊದಲಿಗೆ ಆಯಿಲ್‌ಗಳು, ಕೊನೆಗೆ ನಾಲ್ಕೂ ಚಕ್ರದ ಬ್ರೇಕ್ ಕೆಲಸ. ಆಡಳಿತ ಮಂಡಳಿ ಸಭೆಯಲ್ಲಿ “ಬ್ರೇಕ್ ಹಿಡೀತದಲ್ಲ, ಮುಂದಿನ ವರ್ಷ ನೋಡುವಾ” ಅಂತ ಆ ಕೊನೆಯ ಸಾಲಿಗೆ ಗೀಟು ಎಳೆದರು. ಹಾಗೆ ಅಂದವರು ಬೇರೆ ಯಾರೂ ಅಲ್ಲ, ನಾವೇ. ಸಂಘದ ದುಡ್ಡು ಉಳಿಸಿದೆವು ಎಂಬ ಹೆಮ್ಮೆ ಬೇರೆ.

ಮಿಸ್ತ್ರಿ ಇಷ್ಟೇ ಅಂದರು: “ತಮಾ, ಇಂಜಿನ್ ಕೈಕೊಟ್ರೆ ಗಾಡಿ ನಿಲ್ತದೆ. ಬ್ರೇಕ್ ಕೈಕೊಟ್ರೆ ನಿಲ್ಲೂದಿಲ್ಲ.”

ಆರು ತಿಂಗಳು ಕಳೆದಿರಲಿಲ್ಲ. ಗೊಬ್ಬರದ ಚೀಲ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಬ್ರೇಕ್ ಪೆಡಲು ನೆಲಕ್ಕೆ ಹೋಯ್ತು. ಹಳೇ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕಿನ ಸಾಲು ಒಂದೇ. ಒಂದು ಸಿಲಿಂಡರು ಸೋರಿದರೆ ಎಲ್ಲವೂ ಹೋದ ಹಾಗೆ. ಕೆಳಗೆ ಶಾಲೆ ಬಿಟ್ಟ ಮಕ್ಕಳು ಬರುತ್ತಿದ್ದರು. ನಮ್ಮ ಚಾಲಕ ಧೈರ್ಯ ಮಾಡಿ ಜೀಪನ್ನು ದರೆಗೆ ತಾಗಿಸಿ ನಿಲ್ಲಿಸಿದ. ಮಕ್ಕಳಿಗೆ ಏನೂ ಆಗಲಿಲ್ಲ, ಅವನ ಬಲಗೈ ಮುರಿಯಿತು. ಇಂದಿಗೂ ಆ ಕೈ ಪೂರ್ತಿ ಮೇಲೆ ಏಳುವುದಿಲ್ಲ. ಅವನು ಒಂದು ದಿನವೂ ನಮ್ಮನ್ನು ಏನೂ ಅಂದಿಲ್ಲ. ಬಿಚ್ಚಿ ನೋಡಿದರೆ ವೀಲ್ ಸಿಲಿಂಡರಿನ ಒಳಗೆ ನೆರೆಯ ಕೆಸರು ಹಾಗೇ ಇತ್ತು.

2024ರ ಆಗಸ್ಟ್ 7ರ ನಡುರಾತ್ರಿ ಕೋಡಿಬಾಗದ ಹಳೇ ಕಾಳಿ ಸೇತುವೆ ಕುಸಿದು ಲಾರಿ ಹೊಳೆಗೆ ಬಿತ್ತು. ಚಾಲಕನ ಜೀವ ಉಳಿದದ್ದು ದೇವರ ದಯೆ. ನಲವತ್ತು ವರ್ಷ ದಾಟಿದ ಆ ಸೇತುವೆ ಹೋದ ದಿನ ಊರೆಲ್ಲ ದಂಡೆಯಲ್ಲಿ ನಿಂತು ಮಾತಾಡುವಾಗ ನಮಗೆ ಮಾತ್ರ ಆ ಗೀಟು ಎಳೆದ ಸಾಲು ಕಣ್ಣ ಮುಂದೆ ಬಂತು. ಬೇರೆಯವರನ್ನು ದೂರುವ ಬಾಯಿ ನಮಗೆ ಉಳಿದಿರಲಿಲ್ಲ.

ಜೀಪನ್ನು ಗುಜರಿಗೆ ಹಾಕಬೇಕೆಂದು ಕೆಲವು ಸದಸ್ಯರ ಅಭಿಪ್ರಾಯ. ಮಳೆಗಾಲದಲ್ಲಿ ಬೇರೆ ಗಾಡಿ ಹೋಗದ ಕಡೆ ಹೋಗುತ್ತದೆ, ಇರಲಿ ಎಂದು ಹಲವರದ್ದು. ಅದನ್ನು ಮಹಾಸಭೆ ತೀರ್ಮಾನಿಸಲಿ. ನಮ್ಮ ವಿನಂತಿ ಒಂದೇ. ಈ ಜೀಪು ಇರಲಿ, ಹೊಸತು ಬರಲಿ, ಪ್ರತಿ ವರ್ಷ ಲಾಭಾಂಶ ಹಂಚುವ ಮೊದಲು ದುರಸ್ತಿ ನಿಧಿಗೆ ದುಡ್ಡು ತೆಗೆದಿಡಬೇಕು, ಮತ್ತು ಮಿಸ್ತ್ರಿ ಬರೆದ ಬ್ರೇಕಿನ ಸಾಲಿಗೆ ಯಾವ ನಿರ್ದೇಶಕನೂ ಗೀಟು ಎಳೆಯಬಾರದು ಎಂದು ಠರಾವು ಆಗಬೇಕು. ಸೂಚಕರಾಗಿ ನಮ್ಮ ಹೆಸರು ಬರೆದುಕೊಳ್ಳಿ. ಅನುಮೋದಕ ಯಾರೆಂದು ಕೇಳಿದರೆ ನಮ್ಮ ಚಾಲಕ ಆಗಲೇ ಒಪ್ಪಿದ್ದಾನೆ, ಎಡಗೈ ಎತ್ತುತ್ತೇನೆ ಅಂದಿದ್ದಾನೆ.