ಪ್ರದಾನ್ (ಸ್ವಯಂಸೇವಾ ಸಂಸ್ಥೆ)

ಪ್ರದಾನ್ ಗ್ರಾಮೀಣ ಬಡವರ, ವಿಶೇಷವಾಗಿ ಬುಡಕಟ್ಟು ಪ್ರದೇಶಗಳ ಮಹಿಳೆಯರ ಜೀವನೋಪಾಯ ವೃದ್ಧಿಗಾಗಿ ಶ್ರಮಿಸುತ್ತಿರುವ ಭಾರತದ ಒಂದು ಲಾಭರಹಿತ ಸಂಸ್ಥೆ. ಇದನ್ನು 1983ರಲ್ಲಿ ದೀಪ್ ಜೋಶಿ ಮತ್ತು ವಿಜಯ್ ಮಹಾಜನ್ ಸ್ಥಾಪಿಸಿದರು. ಇದರ ಹೆಸರು ‘ಪ್ರೊಫೆಷನಲ್ ಅಸಿಸ್ಟೆನ್ಸ್ ಫಾರ್ ಡೆವಲಪ್‌ಮೆಂಟ್ ಆಕ್ಷನ್’ ಎಂಬುದರ ಹ್ರಸ್ವರೂಪ. ‘ಪ್ರದಾನ’ ಎಂಬ ಸಂಸ್ಕೃತ ಪದಕ್ಕೆ ಕೊಡುವುದು ಎಂಬ ಅರ್ಥವೂ ಇದೆ. ಸುಶಿಕ್ಷಿತ ಯುವಜನರನ್ನು ಹಳ್ಳಿಗಳಲ್ಲಿಯೇ ತರಬೇತುಗೊಳಿಸಿ ಸ್ವಯಂಸೇವಾ ಕ್ಷೇತ್ರಕ್ಕೆ ನಾಯಕರನ್ನು ಸಿದ್ಧಪಡಿಸುವ ಕ್ರಮಕ್ಕಾಗಿ ಸಂಸ್ಥೆಯು ಹೆಸರಾಗಿದೆ.

ಹಿನ್ನೆಲೆ

ಉತ್ತರಾಖಂಡ ಮೂಲದ ದೀಪ್ ಜೋಶಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ಮತ್ತು ನಿರ್ವಹಣಾ ಶಾಸ್ತ್ರವನ್ನು ಅಭ್ಯಸಿಸಿದವರು. ಸ್ವದೇಶಕ್ಕೆ ಮರಳಿದ ಬಳಿಕ ಮಹಾರಾಷ್ಟ್ರದ ಜಾಮಖೇಡದಲ್ಲಿ ವೈದ್ಯ ದಂಪತಿಗಳಾದ ರಜನಿಕಾಂತ್ ಮತ್ತು ಮೇಬೆಲ್ ಆರೋಳೆ ಅವರ ಕಾರ್ಯವನ್ನು ಕಂಡರು. ಆರೋಳೆ ದಂಪತಿಗಳು ಅಕ್ಷರ ಬಾರದ ಗ್ರಾಮೀಣ ಮಹಿಳೆಯರನ್ನೂ ಆರೋಗ್ಯ ಕಾರ್ಯಕರ್ತೆಯರನ್ನಾಗಿ ರೂಪಿಸಿದ್ದರು. ಸಮಾಜಸೇವೆಗೆ ಕರುಣೆಯಷ್ಟೇ ಸಾಲದು, ನುರಿತ ಬುದ್ಧಿಯೂ ಬೇಕು ಎಂಬ ಜೋಶಿಯವರ ನಿಲುವಿಗೆ ಈ ಅನುಭವ ಪ್ರೇರಣೆಯಾಯಿತು. ಮಹಾಜನ್ ದೆಹಲಿಯ ಐಐಟಿ ಮತ್ತು ಅಹಮದಾಬಾದಿನ ಐಐಎಂಗಳಲ್ಲಿ ಕಲಿತವರು.

ಆರಂಭದಲ್ಲಿ ಪ್ರದಾನ್ ವೃತ್ತಿಪರರನ್ನು ಇತರ ಸ್ವಯಂಸೇವಾ ಸಂಸ್ಥೆಗಳ ನೆರವಿಗೆ ನಿಯೋಜಿಸುತ್ತಿತ್ತು. ಕ್ರಮೇಣ ತಾನೇ ತಂಡಗಳನ್ನು ಕಟ್ಟಿ ಹಳ್ಳಿಗಳಲ್ಲಿ ನೇರವಾಗಿ ಕೆಲಸ ಮಾಡತೊಡಗಿತು. ಕರ್ನಾಟಕದ ಮೈರಾಡ ಸಂಸ್ಥೆಯಂತೆ ಇದೂ ಸ್ವಸಹಾಯ ಸಂಘಗಳ ಆರಂಭಿಕ ಪ್ರವರ್ತಕ ಸಂಸ್ಥೆಗಳಲ್ಲಿ ಒಂದು. ಇಂತಹ ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ನಬಾರ್ಡ್ ಯೋಜನೆ 1992ರಲ್ಲಿ ಜಾರಿಗೆ ಬಂದಿತು.

ತರಬೇತಿ ಕ್ರಮ

ಹೊಸಬರು ಮೊದಲು ಸುಮಾರು ಒಂದು ವರ್ಷದ ಅಭ್ಯಾಸಾವಧಿಯನ್ನು ಪೂರೈಸಬೇಕು. ಪ್ರತಿಯೊಬ್ಬರಿಗೂ ಅನುಭವಿ ಮಾರ್ಗದರ್ಶಕರೊಬ್ಬರಿರುತ್ತಾರೆ. ಅಭ್ಯರ್ಥಿಯು ಹಳ್ಳಿಯ ಕುಟುಂಬವೊಂದರಲ್ಲಿ ಕೆಲಕಾಲ ವಾಸಿಸಿ ಅಲ್ಲಿನ ಕೃಷಿ, ಸಾಲ, ವಲಸೆ, ಸಾಮಾಜಿಕ ಸಂಬಂಧಗಳನ್ನು ಅಧ್ಯಯನ ಮಾಡುತ್ತಾರೆ. ಪರಿಹಾರ ಸೂಚಿಸುವುದಕ್ಕಿಂತ ಮೊದಲು ಕೇಳಿಸಿಕೊಳ್ಳುವುದನ್ನು ಕಲಿಯಬೇಕೆಂಬುದು ಇದರ ತಿರುಳು. ಈ ವೃತ್ತಿ ತಮಗೆ ಒಗ್ಗುವುದೇ ಎಂಬುದನ್ನು ಅರಿಯಲು ಅಭ್ಯರ್ಥಿಗಳಿಗೂ ಈ ಅವಧಿ ಅವಕಾಶ ನೀಡುತ್ತದೆ. ಹಲವರು ನಡುವೆಯೇ ನಿರ್ಗಮಿಸುತ್ತಾರೆ. ಖಾಸಗಿ ಕ್ಷೇತ್ರಕ್ಕೆ ಹೋಲಿಸಿದರೆ ಕಡಿಮೆಯಾದ ವೇತನ ಮತ್ತು ಕುಟುಂಬದ ವಿರೋಧ ಈ ಕ್ಷೇತ್ರದ ಸಾಮಾನ್ಯ ತೊಡಕುಗಳು.

ನಾಯಕತ್ವದ ಹಸ್ತಾಂತರ

ಸ್ಥಾಪಕರ ವ್ಯಕ್ತಿತ್ವವನ್ನೇ ನೆಚ್ಚಿಕೊಂಡ ಸ್ವಯಂಸೇವಾ ಸಂಸ್ಥೆಗಳು ಅವರ ನಿರ್ಗಮನದ ನಂತರ ಸೊರಗುವುದುಂಟು. ಪ್ರದಾನ್ ಸಂಸ್ಥೆಯಲ್ಲಿ ಸ್ಥಾಪಕರಿಬ್ಬರೂ ಹೊಣೆಯಿಂದ ಬಿಡುಗಡೆ ಪಡೆದ ನಂತರವೂ ಕೆಲಸ ಮುಂದುವರಿಯಿತು. ಮಹಾಜನ್ 1996ರಲ್ಲಿ ಗ್ರಾಮೀಣ ಹಣಕಾಸು ಸೇವೆಗಾಗಿ ಬೇಸಿಕ್ಸ್ ಸಂಸ್ಥೆಯನ್ನು ಆರಂಭಿಸಿದರು. ಜೋಶಿಯವರ ನಂತರದ ವರ್ಷಗಳಲ್ಲಿ ಮಾನಸ್ ಸತ್ಪಥಿ, ಡಿ. ನರೇಂದ್ರನಾಥ್ ಮೊದಲಾದವರು ಕಾರ್ಯನಿರ್ವಾಹಕ ನಿರ್ದೇಶಕರಾದರು. ಇವರು ಸಂಸ್ಥೆಯಲ್ಲಿಯೇ ದೀರ್ಘಕಾಲ ದುಡಿದವರು. ಇಲ್ಲಿ ಪಳಗಿ ಹೊರಬಂದ ಅನೇಕರು ಇತರ ಅಭಿವೃದ್ಧಿ ಸಂಸ್ಥೆಗಳಲ್ಲಿ ಕೆಲಸ ಮುಂದುವರಿಸಿದ್ದಾರೆ.

ಗೌರವ

ಸ್ವಯಂಸೇವಾ ಕ್ಷೇತ್ರಕ್ಕೆ ವೃತ್ತಿಪರತೆಯನ್ನು ತಂದುದಕ್ಕಾಗಿ ದೀಪ್ ಜೋಶಿಯವರಿಗೆ 2009ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. 2010ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು.