‘ಪವಿತ್ರವಾದ ಮುದ್ದು’: ಮನೆಯ ಮಾತು ಸಭೆಗೆ ಬಂದ ಬಗೆ

ರೋಮಾಪುರ, ಕೊರಿಂಥ, ಥೆಸಲೋನಿಕಗಳ ವಿಶ್ವಾಸಿಗಳಿಗೆ ಬರೆದ ನಾಲ್ಕು ಪತ್ರಿಕೆಗಳ ಕೊನೆಯಲ್ಲಿ ಪೌಲನು, ಪವಿತ್ರವಾದ ಮುದ್ದಿನಿಂದ ಒಬ್ಬರನ್ನೊಬ್ಬರು ವಂದಿಸಬೇಕೆಂದು ಹೇಳುತ್ತಾನೆ. ಪೇತ್ರನ ಮೊದಲನೆಯ ಪತ್ರಿಕೆಯಲ್ಲಿ ಅದು ಪ್ರೀತಿಯ ಮುದ್ದು. ನಮ್ಮ ಸಭೆಗಳಲ್ಲಿ ಈ ವಾಕ್ಯವನ್ನು ಓದುತ್ತೇವೆ, ಆಚರಿಸುವುದಿಲ್ಲ. ಅದು ಆ ಕಾಲದ ಸಾಮಾನ್ಯ ವಂದನೆಯಷ್ಟೇ ಎಂದು ವ್ಯಾಖ್ಯಾನಿಸಿ ಮುಂದೆ ಸಾಗುವುದು ವಾಡಿಕೆ. ಈ ವಿವರಣೆ ಸಾಲದೆಂದು ನಮಗೆ ತೋರುತ್ತದೆ.

ಗ್ರೀಕ್ ಮೂಲದಲ್ಲಿರುವ ಪದ ‘ಫಿಲೇಮ’. ಅದರ ಧಾತುವಾದ ‘ಫಿಲೆಯೊ’ಗೆ ಪ್ರೀತಿಸು, ಮುದ್ದಿಡು ಎಂಬ ಎರಡೂ ಅರ್ಥಗಳುಂಟು. ಇದರ ತೀವ್ರರೂಪವಾದ ‘ಕತಫಿಲೆಯೊ’ ಹಿಂದಿರುಗಿದ ಮಗನ ಕೊರಳನ್ನಪ್ಪಿದ ತಂದೆಗೂ, ಮಿಲೇತದಲ್ಲಿ ಪೌಲನನ್ನು ಅಳುತ್ತಾ ಬೀಳ್ಕೊಟ್ಟ ಎಫೆಸದ ಹಿರಿಯರಿಗೂ ಸಂದಿದೆ. ಮತ್ತಾಯ ಮಾರ್ಕರ ಸುವಾರ್ತೆಗಳಲ್ಲಿ ಗುರುವನ್ನು ಹಿಡಿದುಕೊಟ್ಟ ಯೂದನಿಗೂ ಸಂದಿದೆ. ಪದವು ಯಾರನ್ನೂ ಬೇರ್ಪಡಿಸುವುದಿಲ್ಲ.

ಲತೀನರಲ್ಲಿ ಓಸ್ಕುಲುಂ, ಬಾಸಿಯುಂ, ಸಾವಿಯುಂ ಎಂಬ ಮೂರು ಪದಗಳಿದ್ದವು. ಮೊದಲನೆಯದು ಗೌರವಕ್ಕೂ ಬಂಧುತ್ವಕ್ಕೂ, ಕೊನೆಯದು ಕಾಮಕ್ಕೂ ಸಲ್ಲುವುದೆಂದು ವ್ಯಾಕರಣಕಾರರು ಭೇದ ಕಲ್ಪಿಸಿದರು (ಕವಿಗಳು ಅದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ). ಲತೀನ್ ಬೈಬಲು ಪೌಲನ ಪದಕ್ಕೆ ಓಸ್ಕುಲುಂ ಎಂಬುದನ್ನೇ ಆರಿಸಿತು. ರೋಮಿನ ಸ್ತ್ರೀಯರು ತಮ್ಮ ರಕ್ತಸಂಬಂಧಿಗಳಿಗೆ ಮುದ್ದಿಡುವ ರೂಢಿಗೆ ಕಾರಣವೇನೆಂದು ಪ್ಲುಟಾರ್ಕನು ಚರ್ಚಿಸಿದ್ದಾನೆ. ಅಂದರೆ ಆ ಮುದ್ದು ಕುಲದ ಎಲ್ಲೆಯನ್ನು ಗುರುತಿಸುತ್ತಿತ್ತು. ಸಭೆಯಾದರೋ ದಾಸನನ್ನೂ ಧಣಿಯನ್ನೂ, ರಕ್ತಸಂಬಂಧವೇ ಇಲ್ಲದವರನ್ನೂ ಆ ಎಲ್ಲೆಯೊಳಗೆ ಕರೆಯಿತು. ಹೊರಗಿನವರಿಗೆ ಇದು ಸಾಮಾನ್ಯ ವಂದನೆಯಾಗಿ ಕಂಡಿರಲಾರದು. ತನ್ನ ಹೆಂಡತಿಯು ಸಹೋದರನೊಬ್ಬನೊಡನೆ ಮುದ್ದನ್ನು ಹಂಚಿಕೊಳ್ಳುವುದನ್ನು ಯಾವ ಅನ್ಯಮತೀಯ ಗಂಡನು ಸಹಿಸಿಯಾನು ಎಂದು ತೆರ್ತುಲ್ಯನನೇ ಕೇಳುತ್ತಾನೆ.

ಸಭೆಯೊಳಗೂ ಅಂಜಿಕೆಯಿತ್ತು. 2ನೆಯ ಶತಮಾನದ ಮಧ್ಯದಲ್ಲಿ ಜಸ್ಟಿನನು ಪ್ರಾರ್ಥನೆಗಳ ತರುವಾಯ ಎಲ್ಲರೂ ಮುದ್ದಿನಿಂದ ವಂದಿಸುವುದನ್ನು ಸಹಜವೆಂಬಂತೆ ವರ್ಣಿಸುತ್ತಾನೆ. ಅಲೆಕ್ಸಾಂದ್ರಿಯದ ಕ್ಲೆಮೆಂಟನಾದರೋ ಆಲಯವು ಮುದ್ದಿನ ಸದ್ದಿನಿಂದ ತುಂಬಿಹೋಗಿದೆಯೆಂದು ಬೇಸರಪಡುತ್ತಾನೆ. ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ ಮಾತ್ರ ಕೊಡಬೇಕೆಂಬ ನಿಯಮ ಬಂತು. ಮಧ್ಯಯುಗದ ಪಶ್ಚಿಮದಲ್ಲಿ ಮನುಷ್ಯರ ಬದಲು ಕೈಯಿಂದ ಕೈಗೆ ಸಾಗುವ ಒಂದು ಹಲಗೆಗೆ ಎಲ್ಲರೂ ಮುದ್ದಿಟ್ಟರು.

ಕನ್ನಡಕ್ಕೆ ಬಂದಾಗ ಚುಂಬನ, ಮುತ್ತು, ಮುದ್ದು ಈ ಮೂರೂ ಭಾಷಾಂತರಕಾರರ ಮುಂದಿದ್ದವು. ಚುಂಬನವು ಕಾವ್ಯದ ಪ್ರಣಯಿಗಳದು. ನಮ್ಮ ಸತ್ಯವೇದದಲ್ಲಿ ನಿಂತದ್ದು ಮುದ್ದು. ಅದು ಮನೆಯ ಮಾತು, ನಿಜ. ಆದರೆ ನಮ್ಮ ಮನೆಗಳಲ್ಲಿ ಮುದ್ದು ಹಿರಿಯರಿಂದ ಮಗುವಿಗೆ ಇಳಿದುಬರುತ್ತದೆ. ಬೆಳೆದ ಮಗನು ತಂದೆಯ ಕಾಲಿಗೆ ಬೀಳುತ್ತಾನೆಯೇ ಹೊರತು ಕೆನ್ನೆಗೆ ಮುದ್ದಿಡುವುದಿಲ್ಲ. ಹೀಗೆ ಪದದಲ್ಲಿ ಕುಟುಂಬವು ಉಳಿಯಿತು, ಸಮಾನತೆ ಮಸುಕಾಯಿತು.

1947ರಲ್ಲಿ ಕೂಡಿಬಂದ ದಕ್ಷಿಣ ಭಾರತ ಸಭೆಯು 1950ರ ಕರ್ತನ ಭೋಜನದ ಕ್ರಮದಲ್ಲಿ ಕೇರಳದ ಸುರಿಯಾನಿ ಕ್ರೈಸ್ತರ ರೂಢಿಯನ್ನು ತಂದುಕೊಂಡಿತು. ಒಬ್ಬರ ಬಲ ಅಂಗೈಯನ್ನು ಇನ್ನೊಬ್ಬರ ಬಲ ಅಂಗೈಗೆ ಸೇರಿಸಿ, ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ತುಟಿಯ ಕೆಲಸವನ್ನು ಇಲ್ಲಿ ಅಂಗೈ ಮಾಡುತ್ತದೆ. ಮುಟ್ಟಬಾರದೆಂದು ಒಬ್ಬರನ್ನೊಬ್ಬರು ದೂರವಿಟ್ಟಿದ್ದ ಜಾತಿಗಳಿಂದ ಬಂದವರು ಒಂದೇ ಸಾಲಿನಲ್ಲಿ ನಿಲ್ಲುವ ಈ ನಾಡಿನಲ್ಲಿ, ಅಂಗೈಗೆ ಅಂಗೈ ತಾಗುವುದು ಪೌಲನ ಕೊರಿಂಥದಲ್ಲಿ ಮುದ್ದು ಕೇಳಿದಷ್ಟನ್ನೇ ಕೇಳುತ್ತದೆ.